ಮಾತ್ರೆಯ ಲೆಕ್ಕ

ಕನ್ನಡದಲ್ಲಿ ‘ಮಾತ್ರೆ’ ಎಂಬ ಮಾತಿಗೆ ಎರಡು ನೆಲೆಗಳುಂಟು. ಪಾಠಶಾಲೆಯಲ್ಲಿ ಅದು ಛಂದಸ್ಸಿನ ಅಳತೆ. ಲಘುವಿಗೆ ಒಂದು, ಗುರುವಿಗೆ ಎರಡು. ಔಷಧದ ಅಂಗಡಿಯಲ್ಲಿ ಅದೇ ಮಾತು ಗುಳಿಗೆ ಎಂಬ ಅರ್ಥವನ್ನು ಕೊಡುತ್ತದೆ. ಎರಡರ ಬೇರೂ ಒಂದೇ. ‘ಮಾತ್ರಾ’ ಎಂದರೆ ಪ್ರಮಾಣ, ಇಷ್ಟೇ ಎಂಬ ಎಲ್ಲೆ. ಭಾಮಿನೀ ಷಟ್ಪದಿಯ ಒಂದು ಪದ್ಯಕ್ಕೆ 102 ಮಾತ್ರೆ. ಒಂದು ಮಾತ್ರೆ ಹೆಚ್ಚಿದರೆ ಸಾಲು ಮುಗ್ಗರಿಸುತ್ತದೆ, ಒಂದು ಕಡಮೆಯಾದರೆ ಕುಂಟುತ್ತದೆ. ನಮ್ಮ ಹಿರಿಯರು ವೈದ್ಯವನ್ನೂ ಛಂದಸ್ಸನ್ನೂ ಒಂದೇ ಓಲೆಗರಿಯ ಮೇಲೆ ಕೂರಿಸಿದವರು. ಹದಿನಾಲ್ಕನೆಯ ಶತಮಾನದ ಮಂಗರಾಜನು ವಿಷವೈದ್ಯವನ್ನು ಕುರಿತ ‘ಖಗೇಂದ್ರಮಣಿದರ್ಪಣ’ವನ್ನು ಕನ್ನಡ ಪದ್ಯಗಳಲ್ಲಿಯೇ ರಚಿಸಿದ. ಇಪ್ಪತ್ತು ವರ್ಷಗಳಿಂದ ತರಗತಿಯಲ್ಲಿ ಮಾತ್ರೆ ಎಣಿಸುವುದನ್ನು ಕಲಿಸಿಕೊಂಡು ಬಂದಿರುವ ನನಗೆ, ಗುಳಿಗೆಯ ಮಾತ್ರೆಯಲ್ಲಿಯೂ ಅಷ್ಟೇ ಕಟ್ಟುನಿಟ್ಟಾದ ಒಂದು ಲೆಕ್ಕವಿದೆಯೆಂಬುದನ್ನು ತೋರಿಸಿಕೊಟ್ಟದ್ದು ನಮ್ಮ ತಾಯಿಯವರ ಕಾಯಿಲೆ.

ತಾಯಿಯವರಿಗೆ ಈಗ 72 ವರ್ಷ. ಹಲಸೂರಿನ ಸೋಮೇಶ್ವರ ದೇವಾಲಯಕ್ಕೆ ಕೂಗಳತೆಯಲ್ಲಿ ನಮ್ಮ ಮನೆ. ಕಳೆದ ವರ್ಷದ ಮಾಘ ಮಾಸದವರೆಗೆ ಅವರು ಬೆಳಗಿನ ಜಾವಕ್ಕೆ ಎದ್ದು, ತಾವೇ ಬಾಗಿಲಿಗೆ ರಂಗೋಲಿಯಿಟ್ಟು, ದೇವಾಲಯಕ್ಕೆ ನಡೆದುಹೋಗಿ ಬರುತ್ತಿದ್ದವರು. ಆ ಮಾಘದಲ್ಲಿ, ಎರಡು ವಾರಗಳೊಳಗಾಗಿ, ಎರಡು ಭುಜಗಳೂ ಕತ್ತೂ ಸೊಂಟದ ಇಕ್ಕೆಲಗಳೂ ಬಿಗಿದುಕೊಂಡುವು. ರಾತ್ರಿ ಮಗ್ಗುಲು ಬದಲಿಸಲು ಇನ್ನೊಬ್ಬರ ಕೈ ಬೇಕಾಯಿತು. ಬಾಚಣಿಗೆ ಹಿಡಿದ ಕೈ ಕಿವಿಯ ಮಟ್ಟಕ್ಕೆ ಬಂದು ನಿಂತುಬಿಡುತ್ತಿತ್ತು. ಹನ್ನೊಂದು ಗಂಟೆಯ ಹೊತ್ತಿಗೆ ಕಟ್ಟು ತುಸು ಸಡಿಲವಾಗುವುದು; ಮಾರನೆಯ ಬೆಳಗ್ಗೆ ಮತ್ತೆ ಅದೇ ಪಾಡು.

ನೋವಿನ ವಿಷಯದಲ್ಲಿ ಕನ್ನಡ ಬಡ ಭಾಷೆಯಲ್ಲ. ಸೆಳೆತ, ಸೆಡೆತ, ಚಳುಕು, ಉಳುಕು, ಜೋಮು, ಹಿಡಿತ, ಹೀಗೆ ಒಂದೊಂದು ಬಗೆಗೆ ಒಂದೊಂದು ಹೆಸರಿದೆ. ಆದರೆ ನೋಯುವವರು ಮುದುಕರಾದರೆ ಈ ಸಂಪತ್ತೆಲ್ಲ ಒಂದೇ ಮಾತಿನಲ್ಲಿ ಮುಳುಗಿಹೋಗುತ್ತದೆ: “ವಯಸ್ಸಾಯಿತಲ್ಲ!” ನೆರೆಯವರು ಹಾಗೆಂದರು, ಬಂಧುಗಳು ಹಾಗೆಂದರು, ಮೊದಲು ತೋರಿಸಿದ ವೈದ್ಯರೊಬ್ಬರೂ ನೋವು ನಿವಾರಕ ಗುಳಿಗೆಯೊಡನೆ ಅದೇ ಸಮಾಧಾನವನ್ನು ಹೇಳಿ ಕಳುಹಿಸಿದರು. ತಾಯಿಯವರು ಮಾತ್ರ ಒಪ್ಪಲಿಲ್ಲ. “ವಯಸ್ಸು ದಿನದಿನಕ್ಕೆ ಬರುತ್ತದೆ ಕಣೋ. ಇದು ಹದಿನೈದು ದಿನದಲ್ಲಿ ಬಂತು. ನೋವಲ್ಲ ಇದು, ಹಗ್ಗ ಹಾಕಿ ಕಟ್ಟಿದ ಹಾಗೆ” ಎಂದರು.

ಇಂದಿರಾನಗರದಲ್ಲಿ ನಾವು ಕಂಡ ತಜ್ಞವೈದ್ಯೆಯು ಅತ್ಯಂತ ಮನಸ್ಸಿಟ್ಟು ಕೇಳಿದ್ದು ಈ ಮಾತನ್ನೇ.

“ಬೆಳಗ್ಗೆ ಎದ್ದ ಮೇಲೆ ಈ ಬಿಗಿ ಎಷ್ಟು ಹೊತ್ತು ಇರುತ್ತದೆ, ಅಮ್ಮಾ?”

“ಪೂಜೆ ಮುಗಿದರೂ ಬಿಡುವುದಿಲ್ಲ, ತಾಯಿ.”

ಆಮೇಲೆ ರಕ್ತಪರೀಕ್ಷೆಗಳಾದುವು. ಅವುಗಳಲ್ಲೊಂದು ಇ.ಎಸ್.ಆರ್. ರಕ್ತವನ್ನು ನೀಳವಾದ ಗಾಜಿನ ನಳಿಕೆಯಲ್ಲಿ ನಿಲ್ಲಿಸಿ, ಒಂದು ಗಂಟೆಯಲ್ಲಿ ಕೆಂಪುಕಣಗಳು ಎಷ್ಟು ಮಿಲಿಮೀಟರು ಕೆಳಗಿಳಿದುವೆಂದು ಅಳೆಯುವ ಸರಳವಾದ ಪರೀಕ್ಷೆಯಿದು. ಮೈಯಲ್ಲಿ ಉರಿಯೂತವಿದ್ದರೆ ಕಣಗಳು ನಾಣ್ಯಗಳಂತೆ ಒಂದರ ಮೇಲೊಂದು ಅಡಕಿಕೊಂಡು ಬೇಗ ತಳ ಸೇರುತ್ತವೆ. ತಾಯಿಯವರದು 82 ಬಂದಿತು. ಸಿ.ಆರ್.ಪಿ. ಎಂಬ ಇನ್ನೊಂದು ಅಂಕಿಯೂ ಏರಿತ್ತು. ಸ್ನಾಯುಗಳೇ ಕೆಡುತ್ತಿದ್ದರೆ ಏರಬೇಕಾಗಿದ್ದ ಕಿಣ್ವ ಮಾತ್ರ ಸಮಸ್ಥಿತಿಯಲ್ಲಿತ್ತು. ಎಲ್ಲವನ್ನೂ ಕೂಡಿಸಿ ನೋಡಿ ವೈದ್ಯೆಯು ರೋಗದ ಹೆಸರನ್ನು ಬರೆದರು: ಪಾಲಿಮಯಾಲ್ಜಿಯ ರೂಮ್ಯಾಟಿಕ.

ಹೆಸರು ಗ್ರೀಕ್ ಮೂಲದ್ದು. ‘ಹಲವು ಸ್ನಾಯುಗಳ ನೋವು’ ಎಂಬಷ್ಟೇ ಅದರ ಅರ್ಥ. ನಮ್ಮ ಹಳ್ಳಿಯವರ ‘ಮೈಕೈ ನೋವು’ ಎಂಬುದಕ್ಕಿಂತ ಅದು ಹೆಚ್ಚೇನನ್ನೂ ಹೇಳುವುದಿಲ್ಲ. ಅಷ್ಟೇ ಅಲ್ಲದೆ ಹೆಸರು ದಾರಿಯನ್ನೂ ತಪ್ಪಿಸುತ್ತದೆ. ನೋವು ತೋರುವುದು ಸ್ನಾಯುವಿನಲ್ಲಿ. ಉರಿಯೂತವಿರುವುದು ಭುಜ ಮತ್ತು ಸೊಂಟದ ಕೀಲುಗಳ ಒಳಪೊರೆಯಲ್ಲಿ, ಅವುಗಳ ಸುತ್ತ ಇರುವ ಜಾರುಚೀಲಗಳಲ್ಲಿ. 1888ರಲ್ಲಿ ಸ್ಕಾಟ್ಲೆಂಡಿನ ವಿಲಿಯಂ ಬ್ರೂಸ್ ಎಂಬ ವೈದ್ಯನು ಇಂಥ ಐವರು ರೋಗಿಗಳ ವೃತ್ತಾಂತವನ್ನು ಬರೆದ. ಇಂದಿನ ಹೆಸರನ್ನು 1957ರಲ್ಲಿ ಇಟ್ಟವನು ಬಾರ್ಬರ್ ಎಂಬ ಇಂಗ್ಲೆಂಡಿನ ವೈದ್ಯ. ಐವತ್ತು ದಾಟಿದವರಿಗಷ್ಟೇ ಬರುವ ಕಾಯಿಲೆ; ಎಪ್ಪತ್ತರ ಆಚೀಚೆ ಹೆಚ್ಚು, ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು. ಯೂರೋಪಿನ ಉತ್ತರ ದೇಶಗಳಲ್ಲಿ ಬಹಳವಾಗಿಯೂ ನಮ್ಮಲ್ಲಿ ವಿರಳವಾಗಿಯೂ ಕಾಣುವಂಥದು. ವಿರಳವಾದ್ದರಿಂದಲೇ ಅದನ್ನು ಮುಪ್ಪಿನ ಖಾತೆಗೆ ಬರೆದುಬಿಡುವುದು ಸುಲಭ.

“ಇದಕ್ಕೆ ಒಳ್ಳೆಯ ಮದ್ದಿದೆ” ಎಂದು ವೈದ್ಯೆ ಹೇಳಿದಾಗ ತಾಯಿಯವರ ಮುಖ ಅರಳಿತು. ಮದ್ದಿನ ಹೆಸರು ಪ್ರೆಡ್ನಿಸೊಲೋನ್, ಅದು ಸ್ಟೀರಾಯ್ಡ್ ಜಾತಿಯದು ಎಂದು ತಿಳಿದೊಡನೆ ಅದೇ ಮುಖ ಕಂದಿತು. “ಆ ಮದ್ದೇ? ಕಣ್ಣು ಹೋಗುವುದಿಲ್ಲವೆ?”

ಈ ಅಂಜಿಕೆಯನ್ನು ಅಜ್ಞಾನವೆಂದು ತಳ್ಳಿಹಾಕುವಂತಿರಲಿಲ್ಲ. ದಂಡುಪ್ರದೇಶದ ನಿವಾಸಿಗಳಾದ ನಾವು 2021ರ ಬೇಸಗೆಯನ್ನು ಮರೆಯಲಾರೆವು. ಕೋವಿಡ್ಡಿನ ಎರಡನೆಯ ಅಲೆಯ ಬೆನ್ನಿಗೇ ಕಪ್ಪು ಶಿಲೀಂಧ್ರವೆಂಬ ರೋಗ ಬಂದಿತು. ಶಿವಾಜಿನಗರದ ಬೌರಿಂಗ್ ಆಸ್ಪತ್ರೆಯನ್ನು ಸರಕಾರವು ಅದರ ಚಿಕಿತ್ಸೆಗಾಗಿ ಗೊತ್ತುಮಾಡಿತು. ಕೋವಿಡ್ಡಿನಿಂದ ಬದುಕಿ ಬಂದವರು ಮೂಗು, ದವಡೆ, ಕಣ್ಣುಗಳನ್ನು ಕಳೆದುಕೊಂಡ ಸುದ್ದಿಗಳನ್ನು ಹಲಸೂರಿನ ಮನೆಮನೆಗಳಲ್ಲಿ ತಮಿಳು, ಕನ್ನಡ, ಉರ್ದು ಮೂರೂ ಭಾಷೆಗಳಲ್ಲಿ ಕೇಳಿದ್ದೆವು. ಹತೋಟಿಯಿಲ್ಲದ ಸಕ್ಕರೆ ಕಾಯಿಲೆಯೂ ಅಳತೆ ಮೀರಿದ ಸ್ಟೀರಾಯ್ಡೂ ಕೂಡಿ ಈ ಅನಾಹುತಕ್ಕೆ ದಾರಿಮಾಡಿಕೊಟ್ಟುವೆಂದು ವೈದ್ಯರು ಹೇಳಿದರು. ಅಂದಿನಿಂದ ಆ ಮದ್ದಿನ ಹೆಸರೇ ಒಂದು ಬೆದರುಗೊಂಬೆ.

ಆದರೆ ಅದೇ ಕಥೆಯ ಮೊದಲ ಅಧ್ಯಾಯವನ್ನೂ ಓದಬೇಕು. 2020ರ ಜೂನ್ ತಿಂಗಳಿನಲ್ಲಿ ಆಕ್ಸ್‌ಫರ್ಡಿನ ವಿದ್ವಾಂಸರು ಒಂದು ದೊಡ್ಡ ಪ್ರಯೋಗದ ಫಲವನ್ನು ಸಾರಿದರು. ಡೆಕ್ಸಾಮೆಥಸೋನ್ ಎಂಬ ಸ್ಟೀರಾಯ್ಡನ್ನು ದಿನಕ್ಕೆ 6 ಮಿಲಿಗ್ರಾಮಿನಂತೆ, ಹೆಚ್ಚೆಂದರೆ ಹತ್ತು ದಿನ ಕೊಟ್ಟಾಗ, ಉಸಿರಾಟದ ಯಂತ್ರಕ್ಕೆ ಒಳಪಟ್ಟವರಲ್ಲಿ ಸಾವು ಸುಮಾರು ಮೂರರಲ್ಲೊಂದು ಪಾಲು ತಗ್ಗಿತ್ತು. ಆಮ್ಲಜನಕದ ಅಗತ್ಯವೇ ಇಲ್ಲದವರಿಗೆ ಕೊಟ್ಟಾಗ ಯಾವ ಪ್ರಯೋಜನವೂ ಕಾಣಲಿಲ್ಲ. ಯಾರಿಗೆ, ಎಷ್ಟು, ಎಷ್ಟು ದಿನ ಎಂಬ ಮೂರು ಪ್ರಶ್ನೆಗಳಿಗೆ ಸಿಗುವ ಉತ್ತರದ ಮೇಲೆ ಒಂದೇ ವಸ್ತು ಪ್ರಾಣದಾನವೂ ಆಯಿತು, ಪ್ರಾಣಕಂಟಕವೂ ಆಯಿತು.

ಈ ಮದ್ದಿನ ಜನ್ಮವೃತ್ತಾಂತವೂ ಇದನ್ನೇ ಹೇಳುತ್ತದೆ. ಅಮೆರಿಕದ ಮೇಯೋ ಚಿಕಿತ್ಸಾಲಯದಲ್ಲಿ ಫಿಲಿಪ್ ಹೆಂಚ್ ಎಂಬ ವೈದ್ಯನು 1929ರಲ್ಲಿ ಒಂದು ವಿಚಿತ್ರವನ್ನು ಗಮನಿಸಿದ. ಕೀಲುವಾತದ ರೋಗಿಗೆ ಕಾಮಾಲೆ ತಗುಲಿದಾಗ ಕೀಲುಗಳ ನೋವು ಮಾಯವಾಯಿತು. ಗರ್ಭಿಣಿಯರಲ್ಲಿಯೂ ಅಂಥ ಉಪಶಮನವನ್ನು ಆತ ಕಂಡ. ಹಾಗಾದರೆ ದೇಹವೇ ತಯಾರಿಸಿಕೊಳ್ಳುವ ಯಾವುದೋ ಒಂದು ಮದ್ದಿರಬೇಕೆಂದು ಊಹಿಸಿದ. ಮೂತ್ರಪಿಂಡಗಳ ನೆತ್ತಿಯ ಮೇಲೆ ಟೊಪ್ಪಿಗೆಯಂತೆ ಕುಳಿತಿರುವ ಅಡ್ರಿನಲ್ ಗ್ರಂಥಿಗಳ ರಸವನ್ನು ಅಲ್ಲಿಯೇ ಎಡ್ವರ್ಡ್ ಕೆಂಡಲ್ ಶೋಧಿಸುತ್ತಿದ್ದ. 1948ರ ಸೆಪ್ಟೆಂಬರಿನಲ್ಲಿ, ಹಾಸಿಗೆ ಹಿಡಿದಿದ್ದ 29 ವರ್ಷದ ಹೆಂಗಸೊಬ್ಬಳಿಗೆ ಆ ರಸದ ಸಾರವನ್ನು ಚುಚ್ಚಿದರು. ಕೆಲವೇ ದಿನಗಳಲ್ಲಿ ಆಕೆ ಎದ್ದು ನಡೆದಳು. ವಾರ ಕಳೆಯುವುದರೊಳಗೆ ಪೇಟೆಗೆ ಹೋಗಿ ಮೂರು ಗಂಟೆ ಸುತ್ತಾಡಿ ಬಂದಳು. 1950ರಲ್ಲಿ ಹೆಂಚ್, ಕೆಂಡಲ್ ಮತ್ತು ಸ್ವಿಟ್ಜರ್ಲೆಂಡಿನ ರೈಷ್‌ಸ್ಟೈನ್ ಮೂವರಿಗೂ ನೊಬೆಲ್ ಪಾರಿತೋಷಕ ಬಂದಿತು. ಅಷ್ಟು ಹೊತ್ತಿಗಾಗಲೇ ಮತ್ತೊಂದು ಮುಖವೂ ತೋರತೊಡಗಿತ್ತು. ದೊಡ್ಡ ಪ್ರಮಾಣದಲ್ಲಿ ಬಹುಕಾಲ ಕೊಟ್ಟರೆ ಮುಖ ಊದಿಕೊಳ್ಳುವುದು, ಮೂಳೆ ಸವೆಯುವುದು, ಮನಸ್ಸು ಕದಡುವುದು. ನಿಲ್ಲಿಸಿದರೆ ರೋಗ ಮರಳುವುದು.

ಮದ್ದು ಅಗ್ಗವಾದ ಬಗೆ ಇನ್ನೂ ಸ್ವಾರಸ್ಯವಾದುದು. ಮೊದಲಿಗೆ ದನಗಳ ಪಿತ್ತರಸದಿಂದ ಬಹು ಪ್ರಯಾಸಪಟ್ಟು ತಯಾರಿಸುತ್ತಿದ್ದರು. ಬಳಿಕ ಮೆಕ್ಸಿಕೋದ ಕಾಡುಗೆಣಸಿನಲ್ಲಿ ಇದಕ್ಕೆ ಬೇಕಾದ ಮೂಲದ್ರವ್ಯವಿದೆಯೆಂದು ತಿಳಿಯಿತು. ನಮ್ಮ ಹೆಗ್ಗೆಣಸಿನ ಕುಲಕ್ಕೆ ಸೇರಿದ ಬಳ್ಳಿಯದು. ಆ ಕುಲದ ಮಧ್ಯ ಅಮೆರಿಕದ ಗೆಣಸೊಂದನ್ನು ನಮ್ಮ ದೇಶಕ್ಕೆ ತರಿಸಿ ಬೆಳೆಸಿದುದೂ ಉಂಟು. ಬೆಂಗಳೂರಿನ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯು ಅದರಲ್ಲಿ ‘ಅರ್ಕಾ ಉಪಕಾರ್’ ಎಂಬ ತಳಿಯನ್ನು ಹೊರತಂದಿತು. ಆದರೆ ಗೆಣಸಿನ ದ್ರವ್ಯವನ್ನು ಮದ್ದಾಗಿ ತಿರುಗಿಸುವಲ್ಲಿ ಒಂದು ಘಟ್ಟ ರಸಾಯನಜ್ಞರಿಗೆ ಬಹಳ ಕಷ್ಟವಾಗಿತ್ತು. 1952ರಲ್ಲಿ ಅಪ್‌ಜಾನ್ ಎಂಬ ಅಮೆರಿಕದ ಕಂಪೆನಿಯ ಇಬ್ಬರು ವಿಜ್ಞಾನಿಗಳು ಆ ಕೆಲಸವನ್ನು ಒಂದು ಬೂಷ್ಟಿನ ಕೈಯಲ್ಲಿ ಮಾಡಿಸಿದರು. ಅದರ ಹೆಸರು ರೈಜೋಪಸ್. ಹಳಸಿದ ರೊಟ್ಟಿಯ ಮೇಲೆ ಏಳುವ ಬೂಷ್ಟಿನ ಜಾತಿ. ಕಪ್ಪು ಶಿಲೀಂಧ್ರವೆಂದು 2021ರಲ್ಲಿ ನಾವು ನಡುಗಿದೆವಲ್ಲ, ಆ ರೋಗದ ಮುಖ್ಯ ಕಾರಣವೂ ಈ ರೈಜೋಪಸ್ಸೇ! ಮದ್ದನ್ನು ಬಡವರ ಕೈಗೆಟುಕುವಂತೆ ಮಾಡಿದ ಬೂಷ್ಟೇ, ಮದ್ದು ಅಳತೆ ಮೀರಿದ ಕಡೆ ಮೈಗೆ ನುಗ್ಗಿತು. ಪುರಾಣಕಾರನು ಕಲ್ಪಿಸಿದ್ದರೆ ನಾವು ಅತಿಶಯೋಕ್ತಿಯೆಂದುಬಿಡುತ್ತಿದ್ದೆವು.

ಇಂದಿನ ಪ್ರೆಡ್ನಿಸೊಲೋನ್ 1955ರ ಸುಮಾರಿಗೆ ಬಳಕೆಗೆ ಬಂದದ್ದು. ತಾಯಿಯವರಿಗೆ ವೈದ್ಯೆಯು ಗೊತ್ತುಮಾಡಿದ್ದು ದಿನಕ್ಕೆ 15 ಮಿಲಿಗ್ರಾಂ. ಈ ಕಾಯಿಲೆಗೆ ಸಾಮಾನ್ಯವಾಗಿ 12.5ರಿಂದ 25ರೊಳಗೆ ಆರಂಭಿಸುವುದು ವಾಡಿಕೆ. ಕೊಡುವುದಕ್ಕೆ ಮೊದಲು ಸಕ್ಕರೆ, ರಕ್ತದೊತ್ತಡ, ಎದೆಯ ಎಕ್ಸ್‌ರೇ, ಮೂಳೆಯ ಗಟ್ಟಿತನ ಎಲ್ಲವನ್ನೂ ನೋಡಿದರು. ಮನೆಯಲ್ಲಿ ಯಾರಿಗಾದರೂ ಕ್ಷಯವಿತ್ತೇ ಎಂದು ವಿಚಾರಿಸಿದರು. ಮೈಯೊಳಗೆ ಮಲಗಿರುವ ಕ್ಷಯವನ್ನು ಈ ಮದ್ದು ಎಬ್ಬಿಸಬಲ್ಲುದು. ಗುಳಿಗೆಯನ್ನು ಬೆಳಗಿನ ತಿಂಡಿಯಾದ ಮೇಲೆ ಒಮ್ಮೆಗೇ ತೆಗೆದುಕೊಳ್ಳಬೇಕು. ದೇಹದ ಸ್ವಂತ ರಸವೂ ಮುಂಜಾನೆಯೇ ಉಕ್ಕುವುದರಿಂದ ಈ ಕ್ರಮ. ಜೊತೆಗೆ ಸುಣ್ಣದ ಅಂಶದ ಗುಳಿಗೆ, ವಿಟಮಿನ್ ಡಿ. ಕೊನೆಯಲ್ಲಿ ಒಂದು ಎಚ್ಚರಿಕೆಯನ್ನು ಮೂರು ಸಲ ಹೇಳಿದರು: ಕಣತಲೆಯಲ್ಲಿ ಹೊಸದಾಗಿ ನೋವು, ಅಗಿಯುವಾಗ ದವಡೆ ಸೋಲುವುದು, ದೃಷ್ಟಿ ಮಸುಕಾಗುವುದು, ಇವುಗಳಲ್ಲಿ ಒಂದು ಕಂಡರೂ ಅಂದೇ ಬರಬೇಕು. ಈ ಕಾಯಿಲೆಯ ಬೆನ್ನಿಗೆ ಕೆಲವರಲ್ಲಿ ತಲೆಯ ರಕ್ತನಾಳಗಳ ಉರಿಯೂತವೂ ಬರುವುದುಂಟು. ತಡಮಾಡಿದರೆ ಕಣ್ಣು ಹೋಗಬಹುದು. ತಾಯಿಯವರು ಮದ್ದಿನಿಂದ ಹೋದೀತೆಂದು ಅಂಜಿದ್ದ ಕಣ್ಣನ್ನು ಅಂಥ ಸಂದರ್ಭದಲ್ಲಿ ಕಾಯುವುದು ಇನ್ನೂ ದೊಡ್ಡ ಪ್ರಮಾಣದ ಇದೇ ಮದ್ದು.

ಯುಗಾದಿಯ ಮಾರನೆಯ ದಿನ ಮೊದಲ ಗುಳಿಗೆ ಆಯಿತು. ಮೂರನೆಯ ಬೆಳಗ್ಗೆ ನಾನು ಎದ್ದು ಬರುವ ಹೊತ್ತಿಗೆ ತಾಯಿಯವರು ಹಿತ್ತಿಲ ಬಾಗಿಲಲ್ಲಿ ನಿಂತು, ಎರಡು ಕೈಗಳನ್ನೂ ನೆತ್ತಿಯ ಮೇಲಕ್ಕೆತ್ತಿ, ತಮ್ಮ ತುರುಬನ್ನು ತಾವೇ ಕಟ್ಟಿಕೊಳ್ಳುತ್ತಿದ್ದರು. ಎರಡು ತಿಂಗಳಿನಿಂದ ಅವರಿಗೆ ತಲೆ ಬಾಚುತ್ತಿದ್ದ ನನ್ನ ಹೆಂಡತಿ ಮಾತಿಲ್ಲದೆ ನೋಡುತ್ತ ನಿಂತಿದ್ದಳು.

ಕಥೆ ಇಲ್ಲಿಗೆ ಮುಗಿದಿದ್ದರೆ ಬರೆಯುವ ಅಗತ್ಯವಿರಲಿಲ್ಲ. ಈ ಚಿಕಿತ್ಸೆಯ ನಿಜವಾದ ಕಷ್ಟ ಗುಣ ಕಂಡ ಮೇಲೆ ಆರಂಭವಾಗುತ್ತದೆ. 15 ಮಿಲಿಗ್ರಾಂ ಮೂರು ವಾರ, 12.5 ಮೂರು ವಾರ, 10 ಒಂದು ತಿಂಗಳು. ಅಲ್ಲಿಂದಾಚೆಗೆ ತಿಂಗಳಿಗೆ ಒಂದೇ ಒಂದು ಮಿಲಿಗ್ರಾಮಿನಂತೆ ಇಳಿಕೆ. ಏರಲು ಒಂದು ದಿನ, ಇಳಿಯಲು ಒಂದು ವರ್ಷವೋ ಎರಡು ವರ್ಷವೋ. ನಡುವೆ ತಾಯಿಯವರ ಸಕ್ಕರೆ ತುಸು ಏರಿತು. ಅನ್ನದ ಅಳತೆ ತಗ್ಗಿತು. ನಿದ್ದೆ ಕಡಮೆಯಾಯಿತು. ಕೆನ್ನೆಗಳು ತುಂಬಿಕೊಂಡುವು. “ಈಗ ಮೈ ಕೈ ತುಂಬಿಕೊಂಡು ಲಕ್ಷಣವಾಗಿದ್ದೀರಿ” ಎಂದು ನೆರೆಮನೆಯವರು ಹೊಗಳಿದ್ದು ಅವರಿಗೆ ಹೊಗಳಿಕೆಯಾಗಿ ಕೇಳಿಸಲಿಲ್ಲ.

ಆಷಾಢದ ಒಂದು ಬೆಳಗ್ಗೆ, ಪ್ರಮಾಣ 8 ಮಿಲಿಗ್ರಾಮಿಗೆ ಇಳಿದಿದ್ದಾಗ, ಅವರು ಗುಳಿಗೆಯ ಡಬ್ಬಿಯನ್ನು ಮುಚ್ಚಿಟ್ಟು, “ಇನ್ನು ಸಾಕು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ?” ಎಂದರು. ಅದೇ ವಾರ ಕೃಷ್ಣರಾಜಪುರದ ಕಡೆಯ ಬಂಧುವೊಬ್ಬರು ಕಾಗದದ ಪೊಟ್ಟಣಗಳಲ್ಲಿ ಬೂದುಬಣ್ಣದ ಪುಡಿಯೊಂದನ್ನು ತಂದುಕೊಟ್ಟಿದ್ದರು. ಹೆಸರಿಲ್ಲ, ಚೀಟಿಯಿಲ್ಲ. ಬರಿಯ ಬೇರು ನಾರು, ಎರಡು ದಿನಕ್ಕೆ ನೋವು ಓಡಿಹೋಗುತ್ತದೆ ಎಂಬ ಭರವಸೆ ಮಾತ್ರ ಇತ್ತು. ‘ಇಂಗ್ಲಿಷ್ ಮದ್ದಿನ’ ಹಂಗಿನಿಂದ ಪಾರಾಗುವ ದಾರಿ ಸಿಕ್ಕಿತೆಂದು ತಾಯಿಯವರಿಗೆ ತೋರಿತು.

ಪೊಟ್ಟಣದೊಡನೆಯೇ ವೈದ್ಯೆಯ ಬಳಿಗೆ ಹೋದೆವು. ಅವರು ಸಿಟ್ಟಾಗಲಿಲ್ಲ. “ಎರಡು ದಿನಕ್ಕೆ ನೋವನ್ನು ಓಡಿಸುವ ಇಂಥ ಹೆಸರಿಲ್ಲದ ಪುಡಿಗಳನ್ನು ಪರೀಕ್ಷಿಸಿದಾಗ, ಎಷ್ಟೋ ಸಲ ಒಳಗೆ ಸಿಕ್ಕಿರುವುದು ಸ್ಟೀರಾಯ್ಡೇ, ಅಮ್ಮಾ. ನನ್ನ ಗುಳಿಗೆಯ ಮೇಲೆ ಎಷ್ಟೆಂದು ಬರೆದಿದೆ. ಇದರ ಮೇಲೆ ಬರೆದಿಲ್ಲ. ಇನ್ನು ಹೊಳೆಯ ಮಾತು: ನೀವು ದಾಟಿಲ್ಲ, ನಡುಹೊಳೆಯಲ್ಲಿದ್ದೀರಿ” ಎಂದರು.

ಮನೆಗೆ ಬಂದ ಮೇಲೆ ನಾನು ಅವರಿಗೆ ತಿಳಿದ ರೀತಿಯಲ್ಲಿ ವಿವರಿಸಲು ಯತ್ನಿಸಿದೆ. “ಹೊರಗಿನಿಂದ ಆರು ತಿಂಗಳು ಊಟದ ಡಬ್ಬಿ ಬರುತ್ತಿದೆ ಎಂದುಕೊ, ಅಮ್ಮ. ಮನೆಯ ಅಡುಗೆಯವರು ಕೆಲಸವಿಲ್ಲದೆ ಕುಳಿತು ಮರೆತೇಬಿಡುತ್ತಾರೆ. ಆ ಗ್ರಂಥಿಗಳೂ ಹಾಗೆಯೇ. ಗುಳಿಗೆ ಬರುತ್ತಿರುವವರೆಗೆ ತಾವು ರಸ ಸುರಿಸುವುದನ್ನು ತಗ್ಗಿಸಿಬಿಡುತ್ತವೆ. ಹಠಾತ್ತನೆ ಡಬ್ಬಿ ನಿಂತರೆ...”

“ಮನೆಮಂದಿ ಉಪವಾಸ” ಎಂದರು ತಾಯಿಯವರು. ಸ್ವಲ್ಪ ಹೊತ್ತು ಯೋಚಿಸಿ, “ಹಾಗಾದರೆ ಒಲೆ ಹತ್ತಿಕೊಳ್ಳುವ ತನಕ ಡಬ್ಬಿ ನಿಲ್ಲಿಸಬಾರದು. ಹತ್ತಿಕೊಂಡಂತೆಲ್ಲ ಒಂದೊಂದು ತುತ್ತು ಕಡಮೆ ತರಿಸಬೇಕು. ಇಷ್ಟೇ ತಾನೆ? ಮೊದಲೇ ಹೀಗೆ ಹೇಳಬಾರದಿತ್ತೆ?” ಎಂದರು.

ಉಪವಾಸವೆಂಬ ಅವರ ಮಾತು ಬಹಳ ಸಮೀಪದ್ದು. ಬಹುಕಾಲ ತೆಗೆದುಕೊಂಡ ಸ್ಟೀರಾಯ್ಡನ್ನು ಒಮ್ಮೆಗೇ ಬಿಟ್ಟವರು ಸುಸ್ತು, ವಾಂತಿ, ರಕ್ತದೊತ್ತಡದ ಕುಸಿತಗಳಿಂದ ಪ್ರಾಣಾಪಾಯಕ್ಕೆ ಒಳಗಾಗಬಹುದು. ಅದರಿಂದಲೇ, ತಾವು ಈ ಮದ್ದಿನಲ್ಲಿರುವುದಾಗಿ ಬರೆದ ಚೀಟಿಯೊಂದನ್ನು ತಾಯಿಯವರು ಈಗ ತಮ್ಮ ಎಲೆಯಡಿಕೆಯ ಚೀಲದಲ್ಲಿ ಇಟ್ಟುಕೊಂಡಿರುತ್ತಾರೆ.

ಶ್ರಾವಣದಲ್ಲಿ 7ಕ್ಕೆ ಇಳಿಸಿದಾಗ ಭುಜಗಳು ಮತ್ತೆ ಬಿಗಿದುವು. ಇಳಿಯುವಾಗ ರೋಗ ಮರುಕಳಿಸುವುದು ಈ ಕಾಯಿಲೆಯಲ್ಲಿ ಸಾಮಾನ್ಯವೆಂದು ವೈದ್ಯೆ ಮೊದಲೇ ತಿಳಿಸಿದ್ದರು. ಒಂದು ಮೆಟ್ಟಿಲು ಮೇಲೆ ಹತ್ತಿ, 8ರಲ್ಲಿ ಆರು ವಾರ ನಿಂತು, ಮತ್ತೆ ಇಳಿಯತೊಡಗಿದೆವು. ಗೋಡೆಯ ಕ್ಯಾಲೆಂಡರಿನ ಪ್ರತಿ ದಿನದ ಮನೆಯಲ್ಲಿ ಅಂದಿನ ಪ್ರಮಾಣವನ್ನು ತಾಯಿಯವರೇ ಬರೆಯುತ್ತಾರೆ. ಮತ್ತೊಂದು ಯುಗಾದಿ ಕಳೆದಿದೆ. ಈಗ ಅಲ್ಲಿರುವ ಅಂಕಿ 4. ಅದು ಸೊನ್ನೆಯಾಗುವುದು ಈ ವರ್ಷವೋ ಮುಂದಿನ ವರ್ಷವೋ ಎಂದು ಅವರು ಈಗ ಕೇಳುವುದನ್ನು ಬಿಟ್ಟಿದ್ದಾರೆ. ದೇವಾಲಯಕ್ಕೆ ಮಾತ್ರ ದಿನವೂ ನಡೆದುಹೋಗಿ ಬರುತ್ತಾರೆ.

ನಮ್ಮ ಜನ ಮದ್ದಿನ ವಿಷಯದಲ್ಲಿ ಎರಡು ತುದಿಗಳನ್ನು ಬಲ್ಲರು. ಒಂದು ಭಕ್ತಿ, ಇನ್ನೊಂದು ಭೀತಿ. ಒಂದು ಹೆಸರಿಲ್ಲದ ಪುಡಿಯನ್ನು ಕಣ್ಣಿಗೊತ್ತಿಕೊಂಡು ನುಂಗಿಸುತ್ತದೆ; ಇನ್ನೊಂದು ಹೆಸರುಳ್ಳ ಗುಳಿಗೆಯನ್ನು ನಡುದಾರಿಯಲ್ಲಿ ಬಿಡಿಸುತ್ತದೆ. ಇವೆರಡರ ನಡುವೆ ಎಣಿಕೆಯೆಂಬ ಸಪ್ಪೆಯಾದ ಮೂರನೆಯ ದಾರಿಯೊಂದಿದೆ. ಅದರಲ್ಲಿ ಪವಾಡವಿಲ್ಲ, ಬೇಸರ ಬಹಳವುಂಟು. ತಿಂಗಳಿಗೊಂದು ಮಿಲಿಗ್ರಾಂ ಇಳಿಯುವವರ ತಾಳ್ಮೆಗೆ ಯಾರೂ ಹಾರ ಹಾಕುವುದಿಲ್ಲ. ಆದರೂ ಕೈಯೆತ್ತಿ ತಲೆ ಬಾಚಿಕೊಳ್ಳುವ ಸ್ವಾತಂತ್ರ್ಯ ಉಳಿಯುವುದು ಆ ದಾರಿಯಲ್ಲಿಯೇ.

ವಾಚಕರಲ್ಲಿ ನನ್ನ ಬಿನ್ನಹ ಇಷ್ಟೆ. ನಾಳೆ ಬೆಳಗ್ಗೆ ಮನೆಯ ಹಿರಿಯರು ಹಾಸಿಗೆಯಿಂದ ಏಳುವುದನ್ನು ಒಮ್ಮೆ ಗಮನಿಸಿ. ಎರಡು ಭುಜಗಳೂ ಒಟ್ಟಿಗೆ ಹಿಡಿದುಕೊಂಡಿದ್ದರೆ, ತೋಳು ಕಿವಿಯ ಮಟ್ಟದಲ್ಲಿ ನಿಂತುಹೋದರೆ, “ವಯಸ್ಸಾಯಿತಲ್ಲ” ಎಂಬ ಮಾತನ್ನು ಬಾಯಲ್ಲೇ ತಡೆದುಕೊಂಡು, ಎಷ್ಟು ದಿನದಿಂದ ಹೀಗೆ, ಬೆಳಗ್ಗೆ ಎಷ್ಟು ಹೊತ್ತು ಎಂದು ಕೇಳಿ. ಅವರು ಹೇಳುವ ಮಾತನ್ನು ಹಾಗೆಯೇ ಬರೆದುಕೊಂಡು ವೈದ್ಯರ ಬಳಿಗೆ ಕರೆದುಕೊಂಡು ಹೋಗಿ.